ರಿಸರ್ವ್ ಬ್ಯಾಂಕ್: ‘ಆಗದು’ ಎನ್ನುವ ಅಧಿಕಾರ

ನಮ್ಮ ಜೇಬಿನಲ್ಲಿರುವ ಐನೂರು ರೂಪಾಯಿಯ ನೋಟಿನ ಮೇಲೆ ಒಂದು ವಚನವಿದೆ. ನೋಟು ತಂದವರಿಗೆ ಐನೂರು ರೂಪಾಯಿ ಕೊಡುವುದಾಗಿ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ತಮ್ಮ ಸಹಿ ಹಾಕಿ ಮಾತು ಕೊಟ್ಟಿರುತ್ತಾರೆ. ಆ ಮಾತನ್ನು ಅಕ್ಷರಶಃ ನಂಬಿ ಯಾರಾದರೂ ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಬ್ಯಾಂಕಿನ ಕಚೇರಿಗೆ ಹೋಗಿ ನೋಟನ್ನು ಮುಂದಿಟ್ಟರೆ ಅವರಿಗೆ ದೊರೆಯುವುದು ಇನ್ನೊಂದು ನೋಟು, ಇಲ್ಲವೇ ಅಷ್ಟೇ ಮೊತ್ತದ ಚಿಲ್ಲರೆ. ಚಿನ್ನವಾಗಲಿ ಬೆಳ್ಳಿಯಾಗಲಿ ಅಲ್ಲಿ ಸಿಗದು.

ಹಾಗಾದರೆ ಈ ವಚನಕ್ಕೆ ಆಧಾರವೇನು? 1957ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ, ನೋಟುಗಳ ಬೆಂಬಲಕ್ಕೆ ಬ್ಯಾಂಕು ಕನಿಷ್ಠ 200 ಕೋಟಿ ರೂಪಾಯಿ ಮೌಲ್ಯದ ಚಿನ್ನ ಮತ್ತು ವಿದೇಶಿ ಆಸ್ತಿಯನ್ನು ಇಟ್ಟುಕೊಂಡಿರಬೇಕು. ಅದರಲ್ಲಿ ಚಿನ್ನದ ಪಾಲು 115 ಕೋಟಿಗೆ ಕಡಿಮೆಯಾಗಬಾರದು. ಉಳಿದ ಭಾಗಕ್ಕೆ ಸರ್ಕಾರದ ಸಾಲಪತ್ರಗಳೂ ಆಧಾರವಾಗಬಹುದು. 2025ರ ಮಾರ್ಚ್ ಅಂತ್ಯಕ್ಕೆ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ 36 ಲಕ್ಷ ಕೋಟಿ ರೂಪಾಯಿಯನ್ನು ಮೀರಿತ್ತು. ಇದರ ಮುಂದೆ 200 ಕೋಟಿ ಯಾವ ಲೆಕ್ಕಕ್ಕೂ ಬಾರದು. ಬ್ಯಾಂಕಿನ ಬಳಿ ಈ ಕನಿಷ್ಠ ಪ್ರಮಾಣದ ಅನೇಕ ಪಟ್ಟು ಚಿನ್ನವೂ ಡಾಲರೂ ಇವೆ ಎಂಬುದು ನಿಜ. ಆದರೆ ಇಡಲೇಬೇಕೆಂದು ಕಾನೂನು ಒತ್ತಾಯಿಸುವುದು ಇಷ್ಟನ್ನೇ.

ಅಂದರೆ ನೋಟಿನ ಬೆಲೆಯನ್ನು ಕಾಯುತ್ತಿರುವುದು ತಿಜೋರಿಯಲ್ಲಿರುವ ಲೋಹಕ್ಕಿಂತ ಹೆಚ್ಚಾಗಿ ಒಂದು ಸಂಸ್ಥೆಯ ಸಂಯಮ. ಬೇಕಾದಷ್ಟು ನೋಟು ಸೃಷ್ಟಿಸುವ ಅಧಿಕಾರವಿದ್ದೂ ಹಾಗೆ ಮಾಡದಿರುವುದು, ಹಣ ಬೇಕೆಂದು ಬರುವವರು ಸ್ವತಃ ಸರ್ಕಾರದವರೇ ಆದಾಗಲೂ ಸಂದರ್ಭ ಬಂದರೆ ‘ಆಗದು’ ಎನ್ನುವುದು ಕೇಂದ್ರೀಯ ಬ್ಯಾಂಕಿನ ಮೊದಲ ಕರ್ತವ್ಯ. ನಮ್ಮ ರಿಸರ್ವ್ ಬ್ಯಾಂಕಿನ ಒಂಬತ್ತು ದಶಕಗಳ ಚರಿತ್ರೆಯನ್ನು ಆ ಮಾತು ಹೇಳಲಾದ, ಹೇಳಲಾಗದ ಸಂದರ್ಭಗಳ ಚರಿತ್ರೆಯಾಗಿ ಓದಬಹುದು.

ತಾತ್ಕಾಲಿಕ ಏರ್ಪಾಡಾಗಿ ಹುಟ್ಟಿದ ಸಂಸ್ಥೆ

ಭಾರತಕ್ಕೊಂದು ಕೇಂದ್ರೀಯ ಬ್ಯಾಂಕು ಬೇಕೆಂದು ಹಿಲ್ಟನ್ ಯಂಗ್ ಆಯೋಗ 1926ರಲ್ಲಿ ಶಿಫಾರಸು ಮಾಡಿತು. ಆಗ ನೋಟು ಹೊರಡಿಸುವ ಕೆಲಸ ಸರ್ಕಾರದ ಕೈಯಲ್ಲಿತ್ತು; ಸಾಲದ ನಿಯಂತ್ರಣ ಅಷ್ಟಿಷ್ಟು ಇಂಪೀರಿಯಲ್ ಬ್ಯಾಂಕಿನ ಕೈಯಲ್ಲಿತ್ತು. ಇವೆರಡೂ ಒಂದೇ ಸಂಸ್ಥೆಯಲ್ಲಿರಬೇಕು, ಆ ಸಂಸ್ಥೆ ಸರ್ಕಾರದಿಂದ ಪ್ರತ್ಯೇಕವಾಗಿರಬೇಕು ಎಂಬುದು ಆಯೋಗದ ಅಭಿಪ್ರಾಯವಾಗಿತ್ತು. ಈ ಆಯೋಗದ ಮುಂದೆ ಸಾಕ್ಷ್ಯ ನುಡಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. ಅವರ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಗ್ರಂಥ 1923ರಲ್ಲೇ ಪ್ರಕಟವಾಗಿತ್ತು. ಹಣದ ಚಲಾವಣೆಯನ್ನು ಆಳುವವರ ವಿವೇಚನೆಗೆ ಬಿಡಬಾರದು, ಅದಕ್ಕೊಂದು ನಿಶ್ಚಿತ ಮಿತಿ ಇರಬೇಕು ಎಂಬುದು ಅವರ ವಾದದ ತಿರುಳು. ರೂಪಾಯಿಯ ಬೆಲೆ ಕುಸಿದಾಗ ಮೊದಲು ಪೆಟ್ಟು ತಿನ್ನುವವನು ಕೂಲಿಯವನು, ಬಡವ ಎಂಬ ಅರಿವು ಆ ಚಿಂತನೆಯ ಹಿಂದಿತ್ತು.

ಮಸೂದೆ 1927ರಲ್ಲಿ ಬಂದರೂ ಬ್ಯಾಂಕು ಷೇರುದಾರರದ್ದಾಗಬೇಕೇ, ಸರ್ಕಾರದ್ದಾಗಬೇಕೇ, ನಿರ್ದೇಶಕರನ್ನು ಯಾರು ನೇಮಿಸಬೇಕು ಎಂಬ ಜಗಳದಲ್ಲಿ ಬಿದ್ದುಹೋಯಿತು. ಕೊನೆಗೆ 1934ರಲ್ಲಿ ಕಾಯ್ದೆಯಾಗಿ, 1935ರ ಏಪ್ರಿಲ್ 1ರಂದು ಐದು ಕೋಟಿ ರೂಪಾಯಿ ಷೇರು ಬಂಡವಾಳದೊಡನೆ ಬ್ಯಾಂಕು ಕಾರ್ಯಾರಂಭ ಮಾಡಿತು. ಕಲ್ಕತ್ತದಲ್ಲಿದ್ದ ಕೇಂದ್ರ ಕಚೇರಿ 1937ರಲ್ಲಿ ಮುಂಬಯಿಗೆ ಬಂತು. ಕಾಯ್ದೆಯ ಪೀಠಿಕೆಯಲ್ಲೊಂದು ಸ್ವಾರಸ್ಯವಿದೆ. ಜಗತ್ತಿನ ಹಣದ ವ್ಯವಸ್ಥೆಯೇ ಅಸ್ತವ್ಯಸ್ತವಾಗಿರುವುದರಿಂದ ಭಾರತಕ್ಕೆ ಶಾಶ್ವತವಾದ ಹಣದ ವ್ಯವಸ್ಥೆ ಯಾವುದೆಂದು ಈಗ ನಿರ್ಧರಿಸಲಾಗದು, ಸದ್ಯಕ್ಕೆ ತಾತ್ಕಾಲಿಕ ಏರ್ಪಾಡು ಮಾಡಲಾಗಿದೆ ಎಂಬರ್ಥದ ಮಾತು ಅಲ್ಲಿತ್ತು. ಆ ‘ತಾತ್ಕಾಲಿಕ’ ಪೀಠಿಕೆ ಬದಲಾದದ್ದು 2016ರಲ್ಲಿ, ಎಂಟು ದಶಕಗಳ ಅನಂತರ!

ಬ್ಯಾಂಕು ಮತ್ತು ಸರ್ಕಾರದ ನಡುವಿನ ಮೊದಲ ಘರ್ಷಣೆಗೆ ಎರಡು ವರ್ಷವೂ ಬೇಕಾಗಲಿಲ್ಲ. ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್ ವಿನಿಮಯ ದರ ಮತ್ತು ಬ್ಯಾಂಕ್ ದರಗಳ ವಿಷಯದಲ್ಲಿ ವಸಾಹತು ಸರ್ಕಾರದೊಡನೆ ಹೊಂದಿಕೊಳ್ಳಲಾಗದೆ, ಅವಧಿ ಮುಗಿಯುವ ಮೊದಲೇ 1937ರಲ್ಲಿ ಹುದ್ದೆ ತೊರೆದರು. ಕಾಗದದ ಮೇಲೆ ಅದು ಖಾಸಗಿ ಷೇರುದಾರರ ಬ್ಯಾಂಕು. ಆದರೂ ಕೊನೆಯ ಮಾತು ಯಾರದೆಂಬುದು ಅಂದೇ ಸ್ಪಷ್ಟವಾಯಿತು.

ಇದರ ಬೆಲೆಯನ್ನು ಜನ ತೆತ್ತದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬ್ರಿಟನ್ ತನ್ನ ಯುದ್ಧಕ್ಕೆ ಬೇಕಾದ ಬಟ್ಟೆ, ಧಾನ್ಯ, ಸರಕು, ಸೈನಿಕರ ಸೇವೆಯನ್ನು ಭಾರತದಲ್ಲಿ ಕೊಂಡಿತು. ಅದಕ್ಕೆ ಪ್ರತಿಯಾಗಿ ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗೆ ಸ್ಟರ್ಲಿಂಗ್ ಜಮೆಯಾಗುತ್ತಿತ್ತು. ಆ ಜಮೆಯ ಆಧಾರದ ಮೇಲೆ ಬ್ಯಾಂಕು ಇಲ್ಲಿ ರೂಪಾಯಿ ನೋಟು ಹೊರಡಿಸುತ್ತಿತ್ತು. ಕಾನೂನಿನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿತ್ತು, ಲೆಕ್ಕಪುಸ್ತಕದಲ್ಲಿ ಆಸ್ತಿ ಬೆಳೆಯುತ್ತಲೇ ಇತ್ತು. ಆದರೆ ಆ ಆಸ್ತಿ ಲಂಡನ್ನಿನಲ್ಲಿತ್ತು, ನೋಟುಗಳು ನಮ್ಮ ಸಂತೆಗಳಲ್ಲಿದ್ದವು. ಯುದ್ಧದ ಆರು ವರ್ಷಗಳಲ್ಲಿ ಚಲಾವಣೆಯ ನೋಟುಗಳು ಐದು ಪಟ್ಟಿಗೂ ಹೆಚ್ಚಾದವು. ಸಂತೆಯ ಸರಕು ಹೆಚ್ಚಲಿಲ್ಲ. 1943ರ ಬಂಗಾಳದ ಕ್ಷಾಮಕ್ಕೆ ಕಾರಣಗಳು ಹಲವು. ಯುದ್ಧಕಾಲದ ಈ ಬೆಲೆಯೇರಿಕೆಯೂ ಅವುಗಳಲ್ಲಿ ಒಂದು ಎಂಬುದನ್ನು ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಅದೇ ವರ್ಷ ಸಿ.ಡಿ. ದೇಶಮುಖ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆದರು. ‘ಆಗದು’ ಎನ್ನುವ ಅಧಿಕಾರ ಅವರಿಗೂ ಇರಲಿಲ್ಲ.

ಬೆನಗಲ್ ರಾಮರಾವ್ ಪ್ರಸಂಗ

ಸ್ವಾತಂತ್ರ್ಯಾನಂತರ, 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. ಆ ಸಂದರ್ಭದಲ್ಲಿಯೇ ಕಾಯ್ದೆಯ 7ನೆಯ ಕಲಮಿಗೆ ಹೊಸ ರೂಪ ಬಂತು. ಸಾರ್ವಜನಿಕ ಹಿತಕ್ಕೆ ಅವಶ್ಯವೆಂದು ಕಂಡರೆ, ಗವರ್ನರ್ ಜೊತೆ ಸಮಾಲೋಚಿಸಿ, ಕೇಂದ್ರ ಸರ್ಕಾರವು ಬ್ಯಾಂಕಿಗೆ ನಿರ್ದೇಶನ ನೀಡಬಹುದೆಂದು ಅದು ಹೇಳುತ್ತದೆ. ಪ್ರಜಾಪ್ರಭುತ್ವದಲ್ಲಿ ಚುನಾಯಿತ ಸರ್ಕಾರಕ್ಕೆ ಇಂಥದೊಂದು ಅಂತಿಮ ಅಧಿಕಾರ ಇರುವುದು ಅಸಹಜವೇನಲ್ಲ. ತೊಡಕಿರುವುದು ಅದನ್ನು ಬಳಸುವ ರೀತಿಯಲ್ಲಿ, ಇನ್ನೂ ಹೆಚ್ಚಾಗಿ ಅದನ್ನು ಬಳಸದೆಯೇ ಕೆಲಸ ಸಾಧಿಸಿಕೊಳ್ಳುವ ರೀತಿಯಲ್ಲಿ.

ಕನ್ನಡ ನಾಡಿಗೂ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡದ ಬೆನಗಲ್ ಮನೆತನದ ಸರ್ ಬೆನಗಲ್ ರಾಮರಾವ್ 1949ರ ಜುಲೈಯಿಂದ 1957ರ ಜನವರಿಯವರೆಗೆ ಗವರ್ನರ್ ಆಗಿದ್ದರು. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಬೇರೆ ಯಾರೂ ಕುಳಿತಿಲ್ಲ. ಸಂವಿಧಾನ ರಚನೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಇವರ ಸಹೋದರರು. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸುವ ಪ್ರಸ್ತಾವ ತಂದರು. ನೋಡಲು ಅದೊಂದು ತೆರಿಗೆ. ಆದರೆ ವಾಣಿಜ್ಯ ಬ್ಯಾಂಕುಗಳು ಅಂಥ ಹುಂಡಿಗಳ ಆಧಾರದ ಮೇಲೆಯೇ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದರಿಂದ, ಶುಲ್ಕ ಏರಿದರೆ ಸಾಲದ ಬಡ್ಡಿ ಏರಿದಂತೆಯೇ ಆಗುತ್ತಿತ್ತು. ಬಡ್ಡಿ ದರ ನಿರ್ಧರಿಸುವುದು ಬ್ಯಾಂಕಿನ ಕೆಲಸ, ಅದನ್ನು ಹಿಂಬಾಗಿಲಿನಿಂದ ಸಚಿವಾಲಯ ಮಾಡಬಾರದು ಎಂದು ರಾಮರಾವ್ ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕು ಹಣಕಾಸು ಸಚಿವಾಲಯದ ಒಂದು ವಿಭಾಗವಷ್ಟೇ ಎಂಬುದು ಸಚಿವರ ನಿಲುವಾಗಿತ್ತು. ಪ್ರಧಾನಿ ನೆಹರೂ ತಮ್ಮ ಸಚಿವರ ಪರವಾಗಿ ನಿಂತರು. ಏಳೂವರೆ ವರ್ಷ ಸೇವೆ ಸಲ್ಲಿಸಿದ್ದ ಗವರ್ನರ್ ರಾಜೀನಾಮೆ ಕೊಟ್ಟು ಹೊರನಡೆದರು.

ಅವರು ವಿರೋಧಿಸಿದ್ದು ದರ ಏರಿಕೆಯ ಔಚಿತ್ಯವನ್ನಲ್ಲ, ನಿರ್ಧಾರವಾದ ಬಗೆಯನ್ನು ಎಂಬುದು ಈ ಪ್ರಸಂಗದಲ್ಲಿ ಗಮನಿಸಬೇಕಾದದ್ದು. ಯಾವ ಕೆಲಸ ಯಾರದು ಎಂಬ ಗೆರೆ ಒಮ್ಮೆ ಅಳಿಸಿದರೆ ಮತ್ತೆ ಎಳೆಯುವುದು ಕಷ್ಟ. ಆ ಗೆರೆ ಮುಂದಿನ ನಾಲ್ಕು ದಶಕ ಮಸುಕಾಗಿಯೇ ಉಳಿಯಿತು.

ಶುಕ್ರವಾರದ ಲೆಕ್ಕ

ಆ ನಾಲ್ಕು ದಶಕಗಳ ನಡಾವಳಿಯನ್ನು ಅರಿಯಲು ಒಂದು ಸಣ್ಣ ಆಡಳಿತಾತ್ಮಕ ಒಪ್ಪಂದವನ್ನು ನೋಡಿದರೆ ಸಾಕು. 1955ರಲ್ಲಿ ಕೇಂದ್ರ ಸರ್ಕಾರ ಮತ್ತು ರಿಸರ್ವ್ ಬ್ಯಾಂಕಿನ ನಡುವೆ ಒಂದು ಹೊಂದಾಣಿಕೆಯಾಯಿತು. ಬ್ಯಾಂಕಿನಲ್ಲಿರುವ ಸರ್ಕಾರದ ಖಾತೆಯಲ್ಲಿ ಪ್ರತಿ ಶುಕ್ರವಾರ ಕನಿಷ್ಠ 50 ಕೋಟಿ ರೂಪಾಯಿ ಶಿಲ್ಕು ಇರತಕ್ಕದ್ದು. ಕಡಿಮೆಯಾದರೆ ಸರ್ಕಾರ 91 ದಿನಗಳ ‘ಅಡ್ ಹಾಕ್’ ಖಜಾನೆ ಹುಂಡಿಯನ್ನು ಬ್ಯಾಂಕಿನ ಹೆಸರಿಗೆ ಬರೆದುಕೊಡುವುದು, ಬ್ಯಾಂಕು ಅಷ್ಟು ಹಣವನ್ನು ಸರ್ಕಾರದ ಖಾತೆಗೆ ಜಮೆ ಮಾಡುವುದು. ಖಜಾನೆಯ ದಿನನಿತ್ಯದ ಏರಿಳಿತವನ್ನು ಸರಿದೂಗಿಸುವುದಷ್ಟೇ ಇದರ ಉದ್ದೇಶವಾಗಿತ್ತು.

ಆದರೆ ಹುಂಡಿಯ ಅವಧಿ ಮುಗಿದಾಗ ಹೊಸ ಹುಂಡಿ ಹುಟ್ಟಿಕೊಳ್ಳುತ್ತಿತ್ತು. ತೊಂಬತ್ತೊಂದು ದಿನಗಳ ಕೈಸಾಲ ಎಂದೆಂದಿಗೂ ತೀರದ ಸಾಲವಾಯಿತು. 1974ರಿಂದ ಇದಕ್ಕೆ ಕೊಡುತ್ತಿದ್ದ ಬಡ್ಡಿ ಶೇ 4.6 ಮಾತ್ರ. ಬಜೆಟ್ಟಿನಲ್ಲಿ ‘ಕೊರತೆ’ ಎಂದು ನಮೂದಾಗುತ್ತಿದ್ದ ಮೊತ್ತದ ಬಹುಭಾಗ ಹೊಸ ನೋಟಾಗಿ ಮಾರುಕಟ್ಟೆಗೆ ಇಳಿಯುತ್ತಿತ್ತು. ಇದಕ್ಕೆ ಸಂಸತ್ತಿನಲ್ಲಿ ಪ್ರತ್ಯೇಕ ಮತದಾನ ಬೇಕಿರಲಿಲ್ಲ, ಗವರ್ನರ್ ಒಪ್ಪಿಗೆಯೂ ಬೇಕಿರಲಿಲ್ಲ. ಗುಮಾಸ್ತರ ಮಟ್ಟದ ಲೆಕ್ಕವೊಂದು ದೇಶದ ಹಣದ ಪ್ರಮಾಣವನ್ನು ನಿರ್ಧರಿಸುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ರಾಜ್ಯವೊಂದರ ಹಣಕಾಸು ಇಲಾಖೆಯಲ್ಲಿದ್ದ ನನಗೆ ಈ ವ್ಯವಸ್ಥೆಯ ಇನ್ನೊಂದು ಮುಖ ದಿನವೂ ಕಾಣುತ್ತಿತ್ತು. ರಾಜ್ಯಗಳಿಗೂ ರಿಸರ್ವ್ ಬ್ಯಾಂಕೇ ಬ್ಯಾಂಕರು. ಆದರೆ 1985ರ ಓವರ್‌ಡ್ರಾಫ್ಟ್ ನಿಯಂತ್ರಣ ಯೋಜನೆಯ ಪ್ರಕಾರ ರಾಜ್ಯ ಸರ್ಕಾರವೊಂದು ಸತತ ಏಳು ಕೆಲಸದ ದಿನಗಳಿಗಿಂತ ಹೆಚ್ಚು ಕಾಲ ಓವರ್‌ಡ್ರಾಫ್ಟಿನಲ್ಲಿದ್ದರೆ ಅದರ ಪಾವತಿಗಳನ್ನು ಬ್ಯಾಂಕು ನಿಲ್ಲಿಸುತ್ತಿತ್ತು. ಈ ಗಡುವನ್ನು ಮುಂದೆ ಹಂತಹಂತವಾಗಿ ಸಡಿಲಿಸಲಾಯಿತು. ಬೆಳಗಿನ ಮೊದಲ ಕೆಲಸವೇ ಹಿಂದಿನ ದಿನದ ಶಿಲ್ಕು ನೋಡುವುದು, ಗಡುವಿಗೆ ಇನ್ನೆಷ್ಟು ದಿನವೆಂದು ಎಣಿಸುವುದು. ಗಡುವು ಹತ್ತಿರವಾದರೆ ಗುತ್ತಿಗೆದಾರರ ಬಿಲ್ಲುಗಳನ್ನು ಖಜಾನೆಯಲ್ಲಿ ತಡೆಹಿಡಿಯುವುದು, ನಿಗಮಗಳ ಬಳಿಯಿರುವ ಹಣವನ್ನು ವಾಪಸು ತರಿಸುವುದು, ಮೊದಲ ತಾರೀಖಿನ ಸಂಬಳಕ್ಕೆ ಧಕ್ಕೆ ಬಾರದಂತೆ ನೋಡಿಕೊಳ್ಳುವುದು, ಹೀಗೆ ನಮ್ಮ ತಿಂಗಳುಗಳು ಉರುಳುತ್ತಿದ್ದವು. ಅದು ಸುಖದ ಕೆಲಸವಾಗಿರಲಿಲ್ಲ. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಶಿಸ್ತನ್ನು ನಮಗೆ ಕಲಿಸಿದ್ದು ಯಾವ ಸುತ್ತೋಲೆಯೂ ಅಲ್ಲ, ಆ ಗಡುವೇ.

ರಾಜ್ಯಗಳಿಗೆ ಇಷ್ಟು ಬಿಗಿಯಾದ ಹಾಸಿಗೆ ಹಾಸಿದ್ದ ಬ್ಯಾಂಕು ಕೇಂದ್ರಕ್ಕೆ ಮಾತ್ರ ಬೇಕಾದಷ್ಟು ಉದ್ದಕ್ಕೆ ಹಾಸಿಗೆ ನೇಯ್ದು ಕೊಡುತ್ತಿತ್ತು. ಇದರ ಭಾರವನ್ನು ಹೊತ್ತವರು ಬೇರೆಯವರು. ಸರ್ಕಾರ ಹರಿಯಬಿಟ್ಟ ಹಣದ ಪ್ರಭಾವವನ್ನು ತಗ್ಗಿಸಲು ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳ ಕೈ ಕಟ್ಟುತ್ತಾ ಹೋಯಿತು. ತೊಂಬತ್ತರ ದಶಕದ ಆರಂಭದ ವೇಳೆಗೆ ನಗದು ಮೀಸಲು ಅನುಪಾತ ಶೇ 15, ಶಾಸನಬದ್ಧ ದ್ರವ್ಯತಾ ಅನುಪಾತ ಶೇ 38.5 ಆಗಿದ್ದವು. ಠೇವಣಿದಾರರು ಇಟ್ಟ ನೂರು ರೂಪಾಯಿಯಲ್ಲಿ ಐವತ್ತಮೂರೂವರೆ ರೂಪಾಯಿ ಹೀಗೆ ಮೀಸಲಾದ ಮೇಲೆ ಉಳಿದದ್ದು ರೈತ, ವ್ಯಾಪಾರಿ, ಕೈಗಾರಿಕೆಗಳಿಗೆ. ಬೆಲೆಯೇರಿಕೆಯೂ ತಪ್ಪಲಿಲ್ಲ. 1974–75ರಲ್ಲಿ ಸಗಟು ಬೆಲೆಗಳು ಶೇ 25ರಷ್ಟು ಏರಿದ್ದಕ್ಕೆ ತೈಲ ಬೆಲೆ, ಬರಗಾಲಗಳೂ ಕಾರಣವಾಗಿದ್ದವು. ಆದರೆ ಬೆಂಕಿಗೆ ತುಪ್ಪ ಸುರಿಯುವ ಕೊಳವೆ ಸದಾ ತೆರೆದಿತ್ತು. ಹಣದುಬ್ಬರವೆಂದರೆ ಶಾಸನಸಭೆಯ ಒಪ್ಪಿಗೆಯಿಲ್ಲದೆ ವಿಧಿಸಲಾಗುವ ತೆರಿಗೆ. ಪಿಂಚಣಿದಾರರು, ದಿನಗೂಲಿಯವರು, ಉಳಿತಾಯವನ್ನು ನಿಶ್ಚಿತ ಠೇವಣಿಯಲ್ಲಿಟ್ಟ ವಿಧವೆಯರು ಅದನ್ನು ಹೆಚ್ಚಿನ ದರದಲ್ಲಿ ತೆರುತ್ತಾರೆ.

1991ರಲ್ಲಿ ಈ ದಾರಿ ಕೊನೆ ಮುಟ್ಟಿತು. ವಿದೇಶಿ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಾಗ, ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ಸಾಲ ತರಬೇಕಾಯಿತು. ಮನೆಯ ಒಡವೆ ಅಡವಿಟ್ಟಷ್ಟೇ ಅವಮಾನವೆಂದು ದೇಶ ನೊಂದಿತು. ಆ ಕಹಿಯಿಂದಲೇ ಒಂದು ಒಳ್ಳೆಯ ಕೆಲಸವೂ ಆಯಿತು. 1994ರ ಸೆಪ್ಟೆಂಬರ್‌ನಲ್ಲಿ, ಮನಮೋಹನ್ ಸಿಂಗ್ ಹಣಕಾಸು ಸಚಿವರೂ ಸಿ. ರಂಗರಾಜನ್ ಗವರ್ನರೂ ಆಗಿದ್ದಾಗ, ಅಡ್ ಹಾಕ್ ಹುಂಡಿಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. 1997ರ ಏಪ್ರಿಲ್ 1ರಿಂದ ಆ ಪದ್ಧತಿ ಇಲ್ಲವಾಗಿ, ಕೇಂದ್ರಕ್ಕೂ ಮಿತಿಯುಳ್ಳ ಅರ್ಥೋಪಾಯ ಮುಂಗಡದ ವ್ಯವಸ್ಥೆ ಬಂತು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಫಲವಾಗಿ, ವಿಶೇಷ ಸಂದರ್ಭಗಳನ್ನು ಬಿಟ್ಟು, ಸರ್ಕಾರದ ಸಾಲಪತ್ರಗಳನ್ನು ನೇರವಾಗಿ ಕೊಳ್ಳುವುದನ್ನೂ ಬ್ಯಾಂಕು 2006ರ ಏಪ್ರಿಲ್‌ನಿಂದ ನಿಲ್ಲಿಸಿತು. ಪತ್ರಿಕೆಗಳ ಮುಖಪುಟದಲ್ಲಿ ಹೆಚ್ಚು ಸದ್ದು ಮಾಡದ ಈ ಸುಧಾರಣೆಯನ್ನು ನಾನು ಆರ್ಥಿಕ ಉದಾರೀಕರಣದ ಅತ್ಯಂತ ಮಹತ್ವದ ಹೆಜ್ಜೆಗಳಲ್ಲಿ ಒಂದೆಂದು ಭಾವಿಸುತ್ತೇನೆ. ಇನ್ನೊಂದು ಮಾತು. 2009ರಲ್ಲಿ ಅದೇ ರಿಸರ್ವ್ ಬ್ಯಾಂಕು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡಿತು.

ಬ್ಯಾಂಕು ಮಾಡಿದ್ದು, ಮಾಡಲಾರದೆ ಹೋದದ್ದು

ಸ್ವಾಯತ್ತತೆಯ ಮಾತಾಡುವಾಗ ರಿಸರ್ವ್ ಬ್ಯಾಂಕನ್ನು ತಪ್ಪೇ ಮಾಡದ ತಪಸ್ವಿಯಂತೆ ಚಿತ್ರಿಸುವ ಅಗತ್ಯವಿಲ್ಲ. ಅದರ ಕೆಲಸ ನೋಟಿಗಷ್ಟೇ ಸೀಮಿತವೂ ಅಲ್ಲ. ಹುಟ್ಟಿನಿಂದಲೇ ಕೃಷಿ ಸಾಲ ವಿಭಾಗವೊಂದನ್ನು ಹೊಂದಿದ್ದುದು ಈ ಬ್ಯಾಂಕಿನ ವಿಶೇಷ. ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಬಂದಾಗ, ರೈತರ ಸಾಲದಲ್ಲಿ ಸರ್ಕಾರ, ಸಹಕಾರ ಸಂಘ ಮತ್ತು ವಾಣಿಜ್ಯ ಬ್ಯಾಂಕುಗಳ ಒಟ್ಟು ಪಾಲು ಶೇ 7ರ ಆಸುಪಾಸಿನಲ್ಲಿತ್ತು. ಲೇವಾದೇವಿಗಾರರ ಪಾಲು ಶೇ 70ರಷ್ಟಿತ್ತು. ಆ ವರದಿಯ ಬೆನ್ನಲ್ಲೇ 1955ರಲ್ಲಿ ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಯಿತು. 1982ರ ನಬಾರ್ಡ್‌ನ ಬೇರು ಕೂಡ ಅಲ್ಲಿಯೇ ಇದೆ.

ಠೇವಣಿದಾರರ ರಕ್ಷಣೆಯ ವಿಷಯದಲ್ಲಿ ಮಾತ್ರ ಬ್ಯಾಂಕಿನ ದಾಖಲೆ ಮಿಶ್ರವಾದದ್ದು. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ, ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, 1962ರಲ್ಲಿ ಠೇವಣಿ ವಿಮೆ ಬಂತು. ಆಗಿನ ಮಿತಿ ಒಬ್ಬ ಠೇವಣಿದಾರನಿಗೆ 1,500 ರೂಪಾಯಿ. 1993ರಲ್ಲಿ ಒಂದು ಲಕ್ಷಕ್ಕೇರಿದ ಮಿತಿ ಐದು ಲಕ್ಷವಾಗಲು 2020ರವರೆಗೆ, ಅಂದರೆ ಇಪ್ಪತ್ತೇಳು ವರ್ಷ ಕಾಯಬೇಕಾಯಿತು. ಅದಾದರೂ ಆದದ್ದು 2019ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ ತಮ್ಮದೇ ಹಣದಲ್ಲಿ ಮೊದಲು ಒಂದು ಸಾವಿರ ರೂಪಾಯಿ ಮಾತ್ರ ಪಡೆಯಲು ಅವಕಾಶವೆಂಬ ಆದೇಶ ಹೊರಟು ದೇಶವೇ ಬೆಚ್ಚಿದ ಮೇಲೆ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆಯೂ ಇಂಥದೇ ನಿರ್ಬಂಧ ಬಿದ್ದಾಗ, ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ಹಿರಿಯ ನಾಗರಿಕರ ಪಾಡು ನಮ್ಮ ನಗರದ ಓದುಗರಿಗೆ ನೆನಪಿದ್ದೀತು. ಸಹಕಾರಿ ಬ್ಯಾಂಕುಗಳ ಮೇಲೆ ರಾಜ್ಯದ ನಿಬಂಧಕರದ್ದೂ ರಿಸರ್ವ್ ಬ್ಯಾಂಕಿನದ್ದೂ ಜಂಟಿ ಹಿಡಿತವಿದ್ದುದರಿಂದ ತನ್ನ ಕೈ ಕಟ್ಟಿತ್ತು ಎಂಬ ಬ್ಯಾಂಕಿನ ಸಮಜಾಯಿಷಿಯಲ್ಲಿ ಹುರುಳಿಲ್ಲದಿಲ್ಲ. 2020ರ ಕಾನೂನು ತಿದ್ದುಪಡಿ ಅದನ್ನು ಬಹುಮಟ್ಟಿಗೆ ಸರಿಪಡಿಸಿದೆ. ಆದರೂ ‘ಆಗದು’ ಎನ್ನುವ ಮಾತನ್ನು ಸರ್ಕಾರಕ್ಕಷ್ಟೇ ಅಲ್ಲ, ದಾರಿ ತಪ್ಪಿದ ಬ್ಯಾಂಕುಗಳ ಆಡಳಿತ ಮಂಡಳಿಗಳಿಗೂ ಹೇಳಬೇಕಿತ್ತು, ಸಕಾಲದಲ್ಲಿ ಹೇಳಬೇಕಿತ್ತು ಎಂಬ ಆಕ್ಷೇಪ ಉಳಿಯುತ್ತದೆ.

ಸಕಾಲದಲ್ಲಿ ಹೇಳಿದ ನಿದರ್ಶನವೂ ಇದೆ. 2003ರಿಂದ 2008ರವರೆಗೆ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿ, ಸಾಲದ ಭರಾಟೆಯ ಆ ದಿನಗಳಲ್ಲಿ ಸ್ಥಿರಾಸ್ತಿ ಸಾಲಗಳಿಗೆ ಬ್ಯಾಂಕುಗಳು ಹೆಚ್ಚು ಬಂಡವಾಳ ತೆಗೆದಿಡುವಂತೆ ಬಿಗಿ ಮಾಡಿದರು. ಅತಿ ಎಚ್ಚರಿಕೆಯ ಮನುಷ್ಯನೆಂಬ ಟೀಕೆಯನ್ನು ಅವರು ಎದುರಿಸಬೇಕಾಯಿತು. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕುಗಳು ತತ್ತರಿಸಿದಾಗ ನಮ್ಮವು ಕುಸಿಯದೆ ನಿಂತದ್ದಕ್ಕೆ ಕಾರಣಗಳಲ್ಲಿ ಆ ಎಚ್ಚರಿಕೆಯೂ ಒಂದೆಂಬುದು ಈಗ ಸರ್ವಸಮ್ಮತ.

ಹತ್ತಿರದ ದಿನಗಳ ಪಾಠ

ರಿಸರ್ವ್ ಬ್ಯಾಂಕಿನ ಜೊತೆಗಿನ ಸರ್ಕಾರದ ತಿಕ್ಕಾಟಕ್ಕೆ ಪಕ್ಷಭೇದವಿಲ್ಲ. 2012ರ ಅಕ್ಟೋಬರ್‌ನಲ್ಲಿ ಗವರ್ನರ್ ಡಿ. ಸುಬ್ಬರಾವ್ ಬಡ್ಡಿ ಇಳಿಸಲು ಒಪ್ಪದಿದ್ದಾಗ, ಬೆಳವಣಿಗೆಯ ಸವಾಲನ್ನು ಸರ್ಕಾರ ಒಬ್ಬಂಟಿಯಾಗಿಯೇ ಎದುರಿಸಬೇಕಾದರೆ ಹಾಗೆಯೇ ನಡೆಯುವುದಾಗಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಹೇಳಿದ್ದರು. 2018ರಲ್ಲಿ, ಇನ್ನೊಂದು ಪಕ್ಷದ ಸರ್ಕಾರದ ಕಾಲದಲ್ಲಿ, 7ನೆಯ ಕಲಮಿನ ಹೆಸರು ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಗೆ ಬಂತು. ಬ್ಯಾಂಕಿನ ಮೀಸಲು ನಿಧಿ, ದುರ್ಬಲ ಬ್ಯಾಂಕುಗಳ ಮೇಲಿನ ನಿರ್ಬಂಧ ಮೊದಲಾದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬೆಳೆದಿತ್ತು. ಕೇಂದ್ರೀಯ ಬ್ಯಾಂಕಿನ ಸ್ವಾತಂತ್ರ್ಯವನ್ನು ಗೌರವಿಸದ ಸರ್ಕಾರಗಳು ಒಂದಲ್ಲ ಒಂದು ದಿನ ಮಾರುಕಟ್ಟೆಯ ಕೋಪಕ್ಕೆ ತುತ್ತಾಗುತ್ತವೆಂದು ಡೆಪ್ಯುಟಿ ಗವರ್ನರ್ ವಿರಳ್ ಆಚಾರ್ಯ ಅಕ್ಟೋಬರ್ 26ರ ಉಪನ್ಯಾಸದಲ್ಲಿ ಎಚ್ಚರಿಸಿದರು. ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ನೀಡಿ ರಾಜೀನಾಮೆ ಸಲ್ಲಿಸಿದರು.

ಅದಕ್ಕೂ ಎರಡು ವರ್ಷ ಹಿಂದೆ, 2016ರ ನವೆಂಬರ್ 8ರ ರಾತ್ರಿ, ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇ 86ರಷ್ಟು ರದ್ದಾಗಿದ್ದವು. ಹೀಗೆ ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ವಾಪಸು ಬಂದಿತೆಂದು ಬ್ಯಾಂಕಿನ ವಾರ್ಷಿಕ ವರದಿ 2018ರಲ್ಲಿ ತಿಳಿಸಿತು. ಆ ಕ್ರಮದ ಫಲಾಫಲಗಳ ಚರ್ಚೆ ಇಲ್ಲಿ ಬೇಡ. ನನ್ನ ಗಮನವಿರುವುದು ನಿರ್ಧಾರದ ಹಾದಿಯ ಮೇಲೆ. 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಾಲ್ಕು–ಒಂದರ ಬಹುಮತದಿಂದ ನೋಟು ರದ್ದತಿಯನ್ನು ಎತ್ತಿಹಿಡಿಯಿತು. ಭಿನ್ನಮತದ ತೀರ್ಪು ಬರೆದವರು ನಮ್ಮ ರಾಜ್ಯದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕಾಯ್ದೆಯ ಪ್ರಕಾರ ಇಂಥ ಶಿಫಾರಸು ಬ್ಯಾಂಕಿನ ಮಂಡಳಿಯಿಂದ ಹುಟ್ಟಬೇಕು. ಪ್ರಸ್ತಾವ ಕೇಂದ್ರ ಸರ್ಕಾರದ್ದೇ ಆಗಿದ್ದರೆ ಅದು ಶಾಸನದ ಮೂಲಕ ಬರಬೇಕಿತ್ತು. ಬ್ಯಾಂಕು ಸ್ವತಂತ್ರವಾಗಿ ವಿವೇಚಿಸಿದ್ದು ಕಾಣುವುದಿಲ್ಲ ಎಂಬುದು ಅವರ ವಾದದ ಸಾರ. ಬಹುಮತದ ತೀರ್ಪೇ ಕಾನೂನು, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಭಿನ್ನಮತ ಎತ್ತಿದ ಪ್ರಶ್ನೆ ಬೆನಗಲ್ ರಾಮರಾವ್ 1957ರಲ್ಲಿ ಎತ್ತಿದ ಪ್ರಶ್ನೆಯ ಮುಂದುವರಿಕೆಯಾಗಿಯೇ ನನಗೆ ಕಾಣುತ್ತದೆ.

ಇದೇ ವರ್ಷಗಳಲ್ಲಿ ಒಂದು ಆಶಾದಾಯಕ ಬೆಳವಣಿಗೆಯೂ ಆಗಿದೆ. 2016ರ ಮೇ ತಿಂಗಳ ತಿದ್ದುಪಡಿಯಿಂದ ಬಡ್ಡಿ ದರ ನಿರ್ಧರಿಸಲು ಆರು ಜನರ ಹಣಕಾಸು ನೀತಿ ಸಮಿತಿ ಬಂತು. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮತ ಸಮವಾದರೆ ಗವರ್ನರ್‌ಗೆ ನಿರ್ಣಾಯಕ ಮತ. ಹಣದುಬ್ಬರವನ್ನು ಶೇ 4ರಲ್ಲಿ, ಹೆಚ್ಚೆಂದರೆ ಎರಡು ಅಂಶ ಆಚೀಚೆ ಇರಿಸಬೇಕೆಂಬ ಗುರಿಯನ್ನು ಸರ್ಕಾರ ನಿಗದಿಪಡಿಸಿತು. 2021ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಗುರಿ ಯಾವುದೆಂದು ಚುನಾಯಿತ ಸರ್ಕಾರ ಹೇಳುವುದು, ಅದನ್ನು ಮುಟ್ಟುವ ದಾರಿಯನ್ನು ಬ್ಯಾಂಕಿಗೆ ಬಿಡುವುದು, ಮುಟ್ಟದಿದ್ದರೆ ಬ್ಯಾಂಕು ಲಿಖಿತ ಸಮಜಾಯಿಷಿ ಕೊಡುವುದು ವಿವೇಕದ ವ್ಯವಸ್ಥೆ. ಆದರೆ ಅದರ ಮೊದಲ ಪರೀಕ್ಷೆಯಲ್ಲಿ ಕೊರತೆ ಕಂಡಿತು. 2022ರಲ್ಲಿ ಸತತ ಮೂರು ತ್ರೈಮಾಸಿಕ ಹಣದುಬ್ಬರ ಶೇ 6ನ್ನು ಮೀರಿದಾಗ ಬ್ಯಾಂಕು ಸರ್ಕಾರಕ್ಕೆ ವರದಿ ಬರೆಯಿತು. ಅದನ್ನು ಸಾರ್ವಜನಿಕರ ಮುಂದೆ ಇಡಲಿಲ್ಲ. ಬ್ರಿಟನ್ನಿನಲ್ಲಿ ಇಂಥ ಪತ್ರ ಪ್ರಕಟವಾಗುತ್ತದೆ, ಸಚಿವರ ಉತ್ತರವೂ ಪ್ರಕಟವಾಗುತ್ತದೆ. ಬೆಲೆಯೇರಿಕೆಯ ಬಿಸಿ ಉಂಡವರು ಜನ. ಸಮಜಾಯಿಷಿ ಓದುವ ಹಕ್ಕು ಅವರಿಗಿಲ್ಲವೇ?

ಇನ್ನೊಂದು ವಿಷಯ ಬ್ಯಾಂಕಿನ ಹೆಚ್ಚುವರಿ ನಿಧಿಯದು. 2019ರ ಆಗಸ್ಟ್‌ನಲ್ಲಿ ಬಿಮಲ್ ಜಲಾನ್ ಸಮಿತಿಯ ಸೂತ್ರದಂತೆ 1,76,051 ಕೋಟಿ ರೂಪಾಯಿ ಕೇಂದ್ರಕ್ಕೆ ವರ್ಗವಾಯಿತು. 2024ರಲ್ಲಿ ಈ ಮೊತ್ತ 2,10,874 ಕೋಟಿ, 2025ರಲ್ಲಿ 2,68,590 ಕೋಟಿ. ಸೂತ್ರಬದ್ಧವಾಗಿ, ಆಪತ್ಕಾಲದ ನಿಧಿಯನ್ನು ಕಾಯ್ದಿಟ್ಟುಕೊಂಡು ಲಾಭವನ್ನು ಒಡೆಯನಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ವಿದೇಶಿ ವಿನಿಮಯದ ಏರಿಳಿತದಿಂದಲೂ ಬರುವ ಇಂಥ ಲಾಭವನ್ನು ಬಜೆಟ್ಟು ಪ್ರತಿವರ್ಷದ ಖಾತರಿ ಆದಾಯವೆಂದು ನೆಚ್ಚಿಕೊಳ್ಳತೊಡಗಿದರೆ, ಮುಚ್ಚಿದ ಹಳೆಯ ಬಾಗಿಲಿನ ಪಕ್ಕದಲ್ಲೇ ಹೊಸ ಕಿಂಡಿ ತೆರೆದಂತಾದೀತು.

ಆಗಬೇಕಾದದ್ದು ಬಹಳವೇನಿಲ್ಲ. 7ನೆಯ ಕಲಮಿನ ಅಧಿಕಾರ ಸರ್ಕಾರದ ಬಳಿಯೇ ಇರಲಿ. ಅದನ್ನು ಬಳಸುವುದಾದರೆ ಲಿಖಿತವಾಗಿ ಬಳಸಿ, ಗವರ್ನರ್ ಅಭಿಪ್ರಾಯದೊಡನೆ ಸಂಸತ್ತಿನ ಮುಂದಿಡುವುದು ಕಡ್ಡಾಯವಾಗಲಿ. ಹಣದುಬ್ಬರದ ಗುರಿ ತಪ್ಪಿದಾಗ ಬ್ಯಾಂಕು ಬರೆಯುವ ವರದಿ ಪ್ರಕಟವಾಗಲಿ. ಗವರ್ನರ್ ಅವಧಿಯನ್ನು ಐದು ವರ್ಷಕ್ಕೆ ಮೀರದಂತೆ ಸರ್ಕಾರ ಇಷ್ಟ ಬಂದಷ್ಟಕ್ಕೆ ನಿಗದಿಪಡಿಸಬಹುದೆಂಬ ಈಗಿನ ನಿಯಮದ ಬದಲು ಪೂರ್ಣ ಐದು ವರ್ಷವೆಂದು ಕಾನೂನೇ ಹೇಳಲಿ. ಮರುನೇಮಕದ ನಿರೀಕ್ಷೆಯಲ್ಲಿರುವ ಅಧಿಕಾರಿಯಿಂದ ‘ಆಗದು’ ಎಂಬ ಮಾತು ಸುಲಭವಾಗಿ ಹೊರಡದು ಎಂಬುದು ಸರ್ಕಾರಿ ಸೇವೆಯಲ್ಲಿದ್ದ ಯಾರಿಗೂ ಹೊಸ ಸಂಗತಿಯಲ್ಲ.

ನೋಟಿನ ಮೇಲೆ ಹದಿನೈದು ಭಾಷೆಗಳಲ್ಲಿ ಮುಖಬೆಲೆ ಮುದ್ರಿತವಾಗಿರುವ ಪಟ್ಟಿಯಲ್ಲಿ ಕನ್ನಡವೂ ಇದೆ. ಮೈಸೂರಿನ ಮುದ್ರಣಾಲಯದಲ್ಲಿ ನೋಟು ಅಚ್ಚಾಗುತ್ತದೆ, ಅಲ್ಲಿಯೇ ಅದರ ಕಾಗದವೂ ತಯಾರಾಗುತ್ತದೆ. ಕಾಗದ, ಶಾಯಿ, ಭದ್ರತಾ ಎಳೆ ಎಲ್ಲವನ್ನೂ ನಾವು ನಮ್ಮ ನೆಲದಲ್ಲೇ ಮಾಡಬಲ್ಲೆವು. ಆ ಕಾಗದದ ಮೇಲಿನ ವಚನ ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಅದರ ಕೆಳಗೆ ಸಹಿ ಹಾಕುವವರಿಗೆ ಸಹಿ ಹಾಕಲು ನಿರಾಕರಿಸುವ ಸ್ವಾತಂತ್ರ್ಯವೂ, ನಿರಾಕರಿಸಿದ್ದೇಕೆಂದು ಜನರಿಗೆ ವಿವರಿಸುವ ಹೊಣೆಯೂ ಇರಬೇಕು.